ಬಲಗಡೆಯ ಹಿಂದಿನ ಚಕ್ರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಇದರಲ್ಲಿ ನನಗೆ ಮರ್ಯಾದೆ ತರುವಂಥದ್ದು ಏನೂ ಇಲ್ಲ. ಕಟ್ಟಿ ಹೇಳುವ ಉದ್ದೇಶವಿದ್ದಿದ್ದರೆ ನಾಚಿಕೆಯ ಭಾಗಗಳನ್ನು ಬಿಟ್ಟು, ನನ್ನನ್ನು ಸ್ವಲ್ಪ ಧೈರ್ಯವಂತನನ್ನಾಗಿ ಮಾಡಿಕೊಂಡು ಬರೆಯುತ್ತಿದ್ದೆ. ಹಾಗೆ ಮಾಡಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಟೈರ್ ಕೆಲಸದವನು. ಹೆಸರು ಚಂದ್ರಶೇಖರ, ಎಲ್ಲರ ಬಾಯಲ್ಲೂ ಚಂದ್ರು. ನಂದಗುಡಿ ರಸ್ತೆಯ ಪಕ್ಕ ಒಂದು ಶೀಟಿನ ಅಂಗಡಿ. ಪಂಕ್ಚರ್, ಗಾಳಿ, ಟೈರ್ ಬದಲಾಯಿಸುವುದು ಎಲ್ಲರೂ ಮಾಡುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ನನಗೆ ಹೆಸರಿರುವುದು ಬೇರೆ ಕೆಲಸಕ್ಕೆ. ಕೀ ಕಳೆದುಹೋದ ಲಾಕ್ ನಟ್ ಬಿಚ್ಚುವುದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾರಿಗೆ ಅಲಾಯ್ ಚಕ್ರ ಹಾಕಿಸಿದವರು ಕಳ್ಳರ ಭಯಕ್ಕೆ ಪ್ರತಿ ಚಕ್ರಕ್ಕೂ ಒಂದೊಂದು ಲಾಕ್ ನಟ್ ಹಾಕಿಸುತ್ತಾರೆ. ಮಿಕ್ಕ ನಟ್‌ಗಳ ಹಾಗೆ ಅದಕ್ಕೆ ಆರು ಮೂಲೆ ಇರುವುದಿಲ್ಲ. ಗುಂಡಗೆ, ನುಣ್ಣಗೆ, ಪಾನಾ ಹಾಕಿದರೆ ಹಿಡಿತ ಸಿಗದ ಹಾಗಿರುತ್ತದೆ. ಅದರ ಮುಖದ ಮೇಲೆ ಹೂವಿನ ಎಸಳಿನಂಥ ಗೀರು. ಆ ಗೀರಿಗೆ ಕೂರುವ ಹೆಬ್ಬೆರಳು ಗಾತ್ರದ ಕೀ ಒಂದನ್ನು ಕೊಟ್ಟಿರುತ್ತಾರೆ. ಅದು ಕಳೆದುಹೋಯಿತೋ, ಕಳ್ಳನ ಪಾಡೇ ಯಜಮಾನನಿಗೂ.

ಬಿಚ್ಚುವುದಕ್ಕೆ ಮೂರ್ನಾಲ್ಕು ದಾರಿಗಳಿವೆ. ಲಾಕ್ ನಟ್ ಮೇಲೆ ಇನ್ನೊಂದು ನಟ್ ವೆಲ್ಡ್ ಮಾಡಿ ತಿರುಗಿಸಬಹುದು, ಆದರೆ ಬಿಸಿಗೆ ಅಲಾಯ್ ಹಾಳಾಗುತ್ತದೆ. ಉಳಿ ಇಟ್ಟು ಅಂಚಿಗೆ ಹೊಡೆಯುವವರೂ ಇದ್ದಾರೆ, ಚಕ್ರದ ಮೈಯೆಲ್ಲ ಗಾಯ. ನಮ್ಮದು ಹಳೆಯ ದಾರಿ. ನಟ್‌ಗಿಂತ ಕೂದಲೆಳೆಯಷ್ಟು ಚಿಕ್ಕದಾದ ಹಳೇ ಸಾಕೆಟ್ ಒಂದನ್ನು, ಅಂದರೆ ನಟ್‌ಗೆ ಟೋಪಿಯಂತೆ ಕೂರುವ ಪಾನಾದ ತಲೆಯನ್ನು, ಸುತ್ತಿಗೆಯಿಂದ ಹೊಡೆದು ಅದರ ಮೇಲೆ ಕೂರಿಸುವುದು. ಒಳಗಿನ ಹಲ್ಲು ನಟ್ಟನ್ನು ಕಚ್ಚಿದ ಮೇಲೆ ಉದ್ದನೆಯ ಪಾನಾಕ್ಕೆ ಪೈಪ್ ಸಿಕ್ಕಿಸಿ, ಮೈಭಾರ ಬಿಟ್ಟು ತಿರುಗಿಸುವುದು. ಸಾಕೆಟ್ ನೆಟ್ಟಗೆ ಕೂರಿಸುವುದರಲ್ಲೇ ಕೈಚಳಕವೆಲ್ಲ. ಓರೆಯಾಗಿ ಕೂತರೆ ಜಾರಿ ಬಂದು ಮೂತಿಗೇ ಬಡಿಯುತ್ತದೆ.

ಹೋದ ವರ್ಷ ರಾಗಿ ಕೊಯ್ಲಿನ ದಿನಗಳು. ರಾತ್ರಿ ಎಂಟೂವರೆ ಇರಬಹುದು. ಶಟರ್ ಎಳೆಯುತ್ತಿದ್ದಾಗ ಫೋನ್ ಬಂತು.

"ಲಾಕ್ ನಟ್ ಬಿಚ್ಚೋ ಚಂದ್ರು ಅವ್ರಾ?"

"ಹೌದು, ಹೇಳಿ ಸಾರ್."

"ಕಾರು ಪಂಚರ್ ಆಗಿ ನಿಂತ್ಬಿಟ್ಟಿದೆ. ಸ್ಟೆಪ್ನಿ ಐತೆ, ಜಾಕ್ ಐತೆ, ಕೀ ಮಾತ್ರ ಇಲ್ಲ. ಸೆಕೆಂಡ್ ಹ್ಯಾಂಡ್ ಕಾರು. ಕೀ ಅಂತ ಒಂದು ಇರುತ್ತೆ ಅಂತ್ಲೇ ಈಗ ಗೊತ್ತಾಗಿದ್ದು. ನಮ್ಮಮ್ಮಂಗೆ ಹೊಸಕೋಟೇಲಿ ಡಯಾಲಿಸಿಸ್ ಮಾಡಿಸ್ಕೊಂಡು ಬರ್ತಾ ಇದ್ದೆ. ಅವ್ರಿಗೆ ಕೂರಕ್ಕಾಗ್ತಿಲ್ಲ. ಒಂಚೂರು ಬೇಗ ಬನ್ನಿ."

ಕರೆ ಮಾಡಿದವನ ಹೆಸರು ನಾಗೇಶ. ಪಕ್ಕದ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಕೆಲಸ. ಕಾರು ನಿಂತಿದ್ದದ್ದು ನಮ್ಮ ಅಂಗಡಿಯಿಂದ ಎಂಟು ಕಿಲೋಮೀಟರ್ ದೂರದ ಅಡ್ಡರಸ್ತೆಯ ಕೆರೆ ಏರಿಯ ಮೇಲೆ. ಬೈಕಿನ ಹಿಂದೆ ಟೂಲ್ ಬಾಕ್ಸ್, ತಲೆಗೆ ಬ್ಯಾಟರಿ ಕಟ್ಟಿಕೊಂಡು ಹೊರಟೆ.

ಆ ರಸ್ತೆಯಲ್ಲಿ ಏಳು ಗಂಟೆಯ ಮೇಲೆ ಜನ ಇರುವುದಿಲ್ಲ. ಚಳಿ ಬೇರೆ. ಕೊಯ್ದ ರಾಗಿಯ ಹಸಿ ವಾಸನೆ ಹೊಲಗಳಿಂದ ಬರುತ್ತಿತ್ತು. ಏರಿ ಹತ್ತಿದ ಮೇಲೆ ಕೆಸರಿನ ವಾಸನೆ... ಕಪ್ಪೆಗಳ ಸದ್ದು. ಅಷ್ಟು ದೂರದಲ್ಲಿ ಕಾರಿನ ಇಂಡಿಕೇಟರ್ ಮಿಣುಕುತ್ತಿತ್ತು.

ಕಾರು ಎಡ ಅಂಚಿಗೆ ನಿಂತಿತ್ತು. ಗಾಳಿ ಹೋಗಿ ಕೂತಿದ್ದದ್ದು ಎಡಗಡೆಯ ಹಿಂದಿನ ಚಕ್ರ, ಅಂದರೆ ಕೆರೆಯ ಕಡೆಯದು. ಬಲಗಡೆ ಡಾಂಬರು ರಸ್ತೆ. ಹಿಂದಿನ ಸೀಟಿನ ಬಲ ಮೂಲೆಯಲ್ಲಿ, ಗಾಳಿಗೆಂದು ಕಿಟಕಿಯ ಗಾಜು ಅರ್ಧ ಇಳಿಸಿಕೊಂಡು, ಶಾಲು ಹೊದ್ದು ಆ ತಾಯಿ ಒರಗಿದ್ದರು. ಹೆಸರು ಚಿಕ್ಕತಾಯಮ್ಮ. ಎಪ್ಪತ್ತರ ಹತ್ತಿರ ವಯಸ್ಸು. ಊದಿಕೊಂಡ ಮುಖ, ಕೈಗೆ ಬ್ಯಾಂಡೇಜು.

"ಬಂದ್ಯೇನಪ್ಪಾ... ನೋಡು, ನನ್ನಿಂದ ನಿಂಗೂ ತೊಂದ್ರೆ," ಅಂದರು.

"ತೊಂದ್ರೆ ಏನವ್ವ, ಕಾಲು ಗಂಟೆ ಕೆಲಸ. ಆರಾಮಾಗಿ ಕೂತಿರಿ."

ನಾಗೇಶ ಕೇಳಿದ, "ಬಂದಿದ್ದು ಬಂದ್ರಿ, ನಾಲ್ಕೂ ಲಾಕ್ ನಟ್ ತೆಗೆದ್ಬಿಡಿ. ಇನ್ನೊಂದ್ಸಲ ಈ ಪಾಡು ಬೇಡ."

"ಈಗ ಇದೊಂದು ಸಾಕು ಸಾರ್, ಅಮ್ಮನ್ನ ಮನೆ ಸೇರ್ಸಿ. ಮಿಕ್ಕ ಮೂರನ್ನ ಭಾನುವಾರ ನಿಮ್ಮನೇಗೇ ಬಂದು ತೆಗೆದುಕೊಡ್ತೀನಿ."

ಅವನು ಫೋನಿನ ಬೆಳಕು ಹಿಡಿದು ನನ್ನ ಬೆನ್ನ ಹಿಂದೆ ನಿಂತ. ನಾನು ಕುಕ್ಕರುಗಾಲಿನಲ್ಲಿ ಕೂತು ಮೂರು ಮಾಮೂಲಿ ನಟ್‌ಗಳನ್ನು ಸಡಿಲ ಮಾಡಿದೆ. ನಾಲ್ಕನೆಯದು ಲಾಕ್ ನಟ್. ತುಕ್ಕು ಹಿಡಿದಿತ್ತು. ಎರಡು ಸಾಕೆಟ್ ಹಿಡಿದು ನೋಡಿ, ಮೂರನೆಯದನ್ನು ಅದರ ಮೇಲಿಟ್ಟು ಹೊಡೆದೆ.

ಠಣ್... ಠಣ್... ಠಣ್.

ಸುತ್ತಿಗೆ ನಿಲ್ಲಿಸಿ ಸಾಕೆಟ್ ನೆಟ್ಟಗಿದೆಯೇ ಎಂದು ನೋಡುತ್ತಿದ್ದೆ. ಆಗ ಸದ್ದು ಕೇಳಿಸಿತು.

ಟಿಕ್, ಟಿಕ್... ಠಣ್.

ಏರಿಯ ಮೇಲೆ ಸದ್ದು ಮರುಕಳಿಸುವುದುಂಟು. ನಾನು ಹಾಗೆಯೇ ಅಂದುಕೊಂಡು ಮತ್ತೆ ಹೊಡೆದೆ. ಆದರೆ ನಾನು ಹೊಡೆಯುತ್ತಿದ್ದದ್ದು ಮೂರೂ ಒಂದೇ ಸಮ. ತಿರುಗಿ ಬಂದದ್ದು ಹಾಗಿರಲಿಲ್ಲ. ಎರಡು ಸಣ್ಣ ಪೆಟ್ಟು, ಆಮೇಲೊಂದು ದೊಡ್ಡ ಪೆಟ್ಟು. ದೂರದಿಂದಲೂ ಅಲ್ಲ... ಕಾರಿನ ಆ ಬದಿಯಿಂದ. ಕಾರಿನ ಮೈ ಸಣ್ಣಗೆ ಅದುರಿದ್ದು ನನ್ನ ಮೊಣಕೈಗೆ ತಾಗಿತು.

"ಸಾರ್, ಆ ಕಡೆ ಯಾರಾದ್ರೂ ಅವ್ರಾ?"

"ಆ ಕಡೆನಾ? ಯಾರಿರ್ತಾರೆ?" ನಾಗೇಶ ಕಾರಿನ ಹಿಂಭಾಗ ಸುತ್ತಿ ಹೋದ. ಬೆಳಕನ್ನು ರಸ್ತೆಯುದ್ದಕ್ಕೆ ಹಾಯಿಸಿದ್ದು ಕಂಡಿತು. ಸದ್ದು ನಿಂತಿತ್ತು. "ಯಾರೂ ಇಲ್ಲ ಗುರು. ನಿಮ್ಮ ಸುತ್ತಿಗೆದೇ ಸೌಂಡು ಅದು."

ಅವನು ಬಂದು ಮತ್ತೆ ನನ್ನ ಹಿಂದೆ ನಿಂತ. ನಾನು ಸುತ್ತಿಗೆ ಎತ್ತಿರಲಿಲ್ಲ.

ಟಿಕ್, ಟಿಕ್... ಠಣ್.

ಕಪ್ಪೆಗಳು ಸುಮ್ಮನಾಗಿಬಿಟ್ಟಿದ್ದವು. ನಾಗೇಶನ ಮುಖ ನೋಡಿದೆ. ಅವನಿಗೆ ಏನೂ ಕೇಳಿಸಿದ ಹಾಗಿರಲಿಲ್ಲ. ಅಷ್ಟರಲ್ಲಿ ಕಾರಿನೊಳಗಿಂದ ಚಿಕ್ಕತಾಯಮ್ಮನವರ ದನಿ ಬಂತು. ತುಂಬ ಸಹಜವಾಗಿ, ಮನೆಯಲ್ಲಿ ಮಾತಾಡುವ ಹಾಗೆ.

"ನಾಗ... ಆ ಕಡೆ ಕೆಲಸ ಮಾಡೋರ್ಗೂ ಒಂಚೂರು ಬೆಳಕು ಹಿಡಿಯೋ. ಪಾಪ, ಕತ್ಲಲ್ಲಿ ತಡಕಾಡ್ತಾವ್ರೆ."

"ಯಾರಮ್ಮ ಕೆಲಸ ಮಾಡ್ತಿರೋದು? ಒಬ್ರೇ ಬಂದಿರೋದು."

"ಇಬ್ರು ಅವ್ರಲ್ಲೋ."

ನಾಗೇಶ ನನ್ನ ಕಡೆ ಬಾಗಿ ಪಿಸುಗುಟ್ಟಿದ. "ಡಯಾಲಿಸಿಸ್ ಆದ್ಮೇಲೆ ಒಂದೊಂದ್ಸಲ ಹಿಂಗೇ... ಏನೇನೋ ಅಂತಾರೆ. ನೀವು ತಲೆ ಕೆಡಿಸ್ಕೋಬೇಡಿ."

ಆದರೆ ಆ ಪೆಟ್ಟು ಯಾರದೆಂದು ನನಗೆ ಗೊತ್ತಾಗಿತ್ತು.

ಇಲ್ಲಿ ಮುನಿರಾಜಣ್ಣನ ವಿಷಯ ಹೇಳಬೇಕು. ನನಗೆ ಈ ಕೆಲಸ ಕಲಿಸಿದವನು ಅವನು. ಅಂಗಡಿ ಇಬ್ಬರದೂ. ಹನ್ನೊಂದು ವರ್ಷ ಒಂದೇ ಕಾರಿನ ಎರಡು ಬದಿಗೆ ಕೂತು ಕೆಲಸ ಮಾಡಿದ್ದೇವೆ. ಒಬ್ಬ ಮಣ್ಣಿನ ಕಡೆ, ಇನ್ನೊಬ್ಬ ರಸ್ತೆ ಕಡೆ. ರಸ್ತೆ ಕಡೆ ಕೂತವನ ಬೆನ್ನಿಗೆ ತಾಗುವ ಹಾಗೆ ಗಾಡಿಗಳು ಹೋಗುತ್ತಿರುತ್ತವೆ. ಅದಕ್ಕೇ ಸರದಿ ಮಾಡಿಕೊಂಡಿದ್ದೆವು, ಒಂದು ಸಲ ಅವನು, ಒಂದು ಸಲ ನಾನು. ಸಾಕೆಟ್ ಕೂರಿಸುವಾಗ ಎರಡು ಸಣ್ಣ ಪೆಟ್ಟು ಕೊಟ್ಟು, ನೆಟ್ಟಗಾದ ಮೇಲೆ ಮೂರನೆಯದನ್ನು ಪೂರ್ತಿ ಬಲದಿಂದ ಹೊಡೆಯುವುದು ಅವನ ಕೈ. ನನಗೆ ಎಷ್ಟು ಕಲಿಸಿದರೂ ಅದು ಬರಲಿಲ್ಲ.

ಆ ಕೆರೆ ಏರಿಯ ರಾತ್ರಿಗೆ ಒಂದೂವರೆ ವರ್ಷ ಮುಂಚೆ, ಹೆದ್ದಾರಿ ಪಕ್ಕ ಇಂಥದ್ದೇ ಒಂದು ಕೆಲಸಕ್ಕೆ ಹೋಗಿದ್ದೆವು. ಸಂಜೆ ಹೊತ್ತು. ರಸ್ತೆ ಕಡೆ ಕೂರುವ ಸರದಿ ನನ್ನದು. ಗಾಡಿಗಳು ಹೋಗುವ ರಭಸ ನೋಡಿ ನನಗೆ ಭಯವಾಯಿತು.

"ಸೊಂಟ ಹಿಡ್ಕೊಂಡೈತೆ ಅಣ್ಣ. ಇವತ್ತೊಂದಿನ ನೀನೇ ಆ ಕಡೆ ಕೂತ್ಕೊ," ಅಂದೆ.

ಸೊಂಟ ಹಿಡಿದಿರಲಿಲ್ಲ.

"ಆಗ್ಲಿ ಬುಡು," ಅಂದು ಅವನು ಆ ಕಡೆ ಹೋದ. ಹತ್ತು ನಿಮಿಷವಾಗಿರಬಹುದು. ಕ್ಯಾಂಟರ್ ಲಾರಿಯೊಂದು ಬಂತು... ಮುಂದಿನದನ್ನು ನಾನು ಬರೆಯುವುದಿಲ್ಲ. ಅವನ ಒಂದು ಚಪ್ಪಲಿ ಮಾತ್ರ ರಸ್ತೆಯ ಮೇಲೆ ಉಳಿದಿತ್ತು. ಬಾರು ಕಿತ್ತುಹೋಗಿ ತಾಮ್ರದ ತಂತಿ ಕಟ್ಟಿಕೊಂಡಿದ್ದ ಚಪ್ಪಲಿ. ಅದನ್ನು ನಾನೇ ಎತ್ತಿಟ್ಟುಕೊಂಡೆ. ಅಂಗಡಿಯಲ್ಲಿ ಹಳೇ ಟ್ಯೂಬುಗಳ ಹಿಂದೆ ಈಗಲೂ ಇದೆ.

ಪೊಲೀಸರಿಗೆ, ಊರವರಿಗೆ, ಅವನ ಹೆಂಡತಿ ಲಕ್ಷ್ಮಮ್ಮ ಅತ್ತಿಗೆಗೆ ನಾನು ಹೇಳಿದ್ದು ಒಂದೇ ಮಾತು. "ಅಣ್ಣನೇ ಆ ಕಡೆ ಕೂರ್ತೀನಿ ಅಂದ."

ಸರಿ. ಕೆರೆ ಏರಿಗೆ ಬರುತ್ತೇನೆ.

ಮತ್ತೆ ಸುತ್ತಿಗೆ ಎತ್ತಿದೆ. ಇನ್ನೆರಡು ಪೆಟ್ಟಿಗೆ ಸಾಕೆಟ್ ಕಚ್ಚಿಕೊಂಡಿತು. ಪೈಪ್ ಸಿಕ್ಕಿಸಿ ಮೈಭಾರ ಬಿಟ್ಟೆ. ಕಿರ್ರ್ ಎಂದು ಕೂಗುತ್ತ ಲಾಕ್ ನಟ್ ತಿರುಗಿತು. ಅದೇ ಹೊತ್ತಿಗೆ ಆ ಕಡೆಯಿಂದಲೂ ಕಬ್ಬಿಣ ಕಿರುಗುಟ್ಟಿದ ಸದ್ದು. ನಾನು ಮಾಡಿದ್ದನ್ನೇ ಆ ಕಡೆ ಯಾರೋ ಮಾಡುತ್ತಿದ್ದರು.

ಇನ್ನು ಜಾಕ್ ಕೊಡಬೇಕು. ಅದಕ್ಕೆ ಬಾಗಿ ಕಾರಿನ ಕೆಳಗೆ ನೋಡಲೇಬೇಕು. ನೋಡಬಾರದು ಎಂದುಕೊಂಡೇ ಬಾಗಿದೆ.

ತಲೆಗೆ ಕಟ್ಟಿದ ಬ್ಯಾಟರಿಯ ಬೆಳಕು ಆ ಬದಿಯ ಚಕ್ರದ ತನಕ ಹೋಯಿತು. ಚಕ್ರದ ಆಚೆ ಎರಡು ಪಾದಗಳಿದ್ದವು. ಕುಕ್ಕರುಗಾಲಿನಲ್ಲಿ ಕೂತವನ ಪಾದಗಳು, ಹಿಮ್ಮಡಿ ಎತ್ತಿ, ಬೆರಳುಗಳ ಮೇಲೆ ಭಾರ ಬಿಟ್ಟು. ಒಂದಕ್ಕೆ ರಬ್ಬರ್ ಚಪ್ಪಲಿ ಇತ್ತು. ಇನ್ನೊಂದು ಬರಿಗಾಲು.

ನಾನು ಕಿರುಚಲಿಲ್ಲ. ಕಿರುಚುವುದಕ್ಕೆ ಉಸಿರು ಬೇಕಲ್ಲ. ತಲೆ ಎತ್ತಿ, ಕಣ್ಣು ಮುಚ್ಚಿ, ಕೈಯಂದಾಜಿನಲ್ಲೇ ಜಾಕ್ ಸಿಕ್ಕಿಸಿದೆ. ನಂತರ ನಾನು ಹೇಗೆ ಸ್ಟೆಪ್ನಿ ಹಾಕಿದೆ, ಲಾಕ್ ನಟ್ ಬದಲಿಗೆ ನನ್ನ ಡಬ್ಬಿಯ ಮಾಮೂಲಿ ನಟ್ ಹಾಕಿ ಹೇಗೆ ಬಿಗಿದೆ, ಸರಿಯಾಗಿ ನೆನಪಿಲ್ಲ. ಕೆಸರಿನ ವಾಸನೆಯ ನಡುವೆ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಅದಂತೂ ನೆನಪಿದೆ. ಹೆದ್ದಾರಿಯಲ್ಲಿ ಆ ಸಂಜೆ ಕ್ಯಾಂಟರಿನ ಬ್ರೇಕ್ ಹಿಡಿದಾಗ ಬಂದ ವಾಸನೆ.

ಜಾಕ್ ಇಳಿಸಿದಾಗ ಆ ಕಡೆಯ ಸದ್ದು ನಿಂತಿತ್ತು.

ನನಗೆ ಆಗಲೇ ಹೊಳೆದಿತ್ತು. ಸದ್ದು ಬರುತ್ತಿದ್ದದ್ದು ಚಕ್ರದಿಂದ. ಬಲಗಡೆಯ ಹಿಂದಿನ ಚಕ್ರದಿಂದ. ಒಂದು ಸಲ ಕಾರು ಸುತ್ತಿ ಹೋಗಿ, ಪಾನಾ ಹಾಕಿ ನೋಡಿದರೆ ಅರ್ಧ ನಿಮಿಷದ ಕೆಲಸ. ಈ ಕೆಲಸ ಮಾಡುವವನು ಮಾಮೂಲಿ ರಾತ್ರಿಯಲ್ಲಿ ಕೂಡ ನೋಡಬೇಕಾದದ್ದು ಅದು. ನಾನು ಹೋಗಲಿಲ್ಲ. ಎರಡು ಹೆಜ್ಜೆ ಇಟ್ಟೆ, ಡಿಕ್ಕಿಯ ತನಕ. ಅಲ್ಲಿಂದಾಚೆ ಕಾಲು ಬರಲಿಲ್ಲ.

"ಆಯ್ತು ಸಾರ್. ನಿಧಾನಕ್ಕೆ ಹೋಗಿ," ಅಂದೆ.

ಕಾರು ಹೊರಟಿತು. ಕಿಟಕಿಯಲ್ಲಿ ಚಿಕ್ಕತಾಯಮ್ಮ ಹಿಂದಕ್ಕೆ ತಿರುಗಿ, ನನ್ನನ್ನಲ್ಲ, ನನ್ನ ಪಕ್ಕದ ಖಾಲಿ ರಸ್ತೆಯನ್ನು ನೋಡುತ್ತಿದ್ದರು.

ನಾನು ಬೈಕ್ ತಿರುಗಿಸಿಕೊಂಡು ಅಂಗಡಿಯ ದಿಕ್ಕಿಗೆ ಓಡಿಸಿದೆ. ಒಂದು ಕಿಲೋಮೀಟರ್ ಬಂದಿರಬಹುದು, ಕೈ ತಾನಾಗಿ ಬ್ರೇಕ್ ಹಿಡಿಯಿತು. ಆ ಚಕ್ರ ಸಡಿಲವಾಗಿದ್ದರೆ? ಏರಿ ಇಳಿದ ಮೇಲೆ ರಸ್ತೆಗೊಂದು ತಿರುವಿದೆ, ಪಕ್ಕದಲ್ಲಿ ಆಳದ ಕಾಲುವೆ. ಹಿಂದಿನ ಸೀಟಿನಲ್ಲಿ ಆ ಬದಿಗೇ ಒರಗಿಕೊಂಡು ಕೂತ ಮುದುಕಿ. ಒಬ್ಬನನ್ನು ರಸ್ತೆ ಕಡೆ ಕಳಿಸಿ ಉಳಿದುಕೊಂಡವನು ನಾನು. ಇನ್ನೂ ಇಬ್ಬರನ್ನು ಕಳಿಸಿಬಿಟ್ಟೆನೇ?

ನಾಗೇಶನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ರಿಂಗ್ ಆಗಿ ಆಗಿ ಕಟ್ಟಾಯಿತು.

ಬೈಕ್ ತಿರುಗಿಸಿದೆ. ಏರಿಯ ಮೇಲೆ ಹೋಗುವಾಗ ಆ ಜಾಗದ ಕಡೆ ನೋಡಲಿಲ್ಲ. ಹಿಂದಿನ ಸೀಟು ಭಾರವಾದ ಹಾಗೆ ಅನ್ನಿಸಿತು. ಅದು ಭಯಕ್ಕೆ ಅನ್ನಿಸಿದ್ದೂ ಇರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಿರುವಿಗೆ ಸ್ವಲ್ಪ ಮುಂಚೆ, "ನಮ್ಮ ಭೂಮಿ ಕೊಡುವುದಿಲ್ಲ" ಎಂದು ಗೋಡೆಯ ಮೇಲೆ ಬರೆದಿರುವ ಬಸ್ ನಿಲ್ದಾಣವೊಂದಿದೆ. ಕಾರು ಅಲ್ಲಿ ನಿಂತಿತ್ತು. ನಾಗೇಶ ಇಳಿದು ಬಲಗಡೆಯ ಹಿಂದಿನ ಚಕ್ರದ ಮುಂದೆ ಬಗ್ಗಿದ್ದ.

"ಬಂದ್ರಾ? ಈಗಷ್ಟೇ ನಿಮ್ಮ ಮಿಸ್ಡ್ ಕಾಲ್ ನೋಡ್ದೆ. ಏನೋ ಕಟಕಟ ಅಂತಿತ್ತು ಗುರು, ಗಾಡಿ ಅಲುಗಾಡ್ತಿತ್ತು, ನಿಲ್ಲಿಸ್ಬಿಟ್ಟೆ... ಏನಿದು ನೋಡಿ!"

ಬೆಳಕು ಬಿಟ್ಟೆ. ನಾಲ್ಕು ನಟ್‌ಗಳಲ್ಲಿ ಮೂರು ಕಾಣೆಯಾಗಿದ್ದವು. ಬೋಲ್ಟುಗಳು ಬೋಳಾಗಿ ನಿಂತಿದ್ದವು. ಚಕ್ರವನ್ನು ಹಿಡಿದುಕೊಂಡಿದ್ದದ್ದು ಲಾಕ್ ನಟ್ ಒಂದೇ. ಅದು ಕೂಡ ಮುಕ್ಕಾಲು ಭಾಗ ಹೊರಬಂದು, ಕೊನೆಯ ಎರಡು ಸುತ್ತಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಅಂಚಿನ ತುಂಬ ಸಾಕೆಟ್ಟಿನ ಹಲ್ಲು ಕಚ್ಚಿದ ಗುರುತು. ಬೆಳ್ಳಗೆ ಹೊಳೆಯುವ ಹೊಸ ಗುರುತು. ತುಕ್ಕಿನ ಪುಡಿ ಇನ್ನೂ ಅಲಾಯ್ ಮೇಲೆ ಹಾಗೇ ಇತ್ತು.

"ನೀವು ಈ ಚಕ್ರ ಮುಟ್ಟಿದ್ರಾ?" ನಾಗೇಶ ಕೇಳಿದ. ದನಿ ಬದಲಾಗಿತ್ತು.

"ಇಲ್ಲ ಸಾರ್. ನೀವೇ ಹಿಂದೆ ನಿಂತಿದ್ರಲ್ಲ. ನಾನು ಈ ಕಡೆ ಬಂದಿದ್ದು ನೋಡಿದ್ರಾ?"

ಬಂದಿರಲಿಲ್ಲ ಎಂದು ಅವನಿಗೂ ಗೊತ್ತು.

"ಮತ್ತೆ ನಟ್ ಎಲ್ಲಿ ಹೋದ್ವು?"

ಅರ್ಧ ಇಳಿದ ಕಿಟಕಿಯಿಂದ ಚಿಕ್ಕತಾಯಮ್ಮನವರ ಕೈ ಹೊರಗೆ ಬಂತು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡಿದ್ದರು. ನಡುಗುವ ಬೆರಳುಗಳಿಂದ ಬಿಚ್ಚಿದರು.

ಮೂರು ನಟ್‌ಗಳು.

"ಇವೇನಾ ಹುಡುಕ್ತಿರೋದು? ಅವ್ರೇ ಕೊಟ್ರು. ಇಟ್ಕೊಳವ್ವ, ಕತ್ಲಲ್ಲಿ ಕಳೆದೋಗ್ತವೆ ಅಂದ್ರು. ನಿಮ್ಮ ಜತೆ ಬಂದಿದ್ದೋರು."

ಬಿಚ್ಚಿದ ನಟ್‌ಗಳನ್ನು ನೆಲದ ಮೇಲೆ ಇಡದೆ, ಕಾರಿನೊಳಗೆ ಕೂತವರ ಕೈಗೆ ಕೊಡುವುದು ಮುನಿರಾಜಣ್ಣನ ಅಭ್ಯಾಸ. ಹಾಗೆ ಮಾಡುವ ಇನ್ನೊಬ್ಬ ಕೆಲಸಗಾರನನ್ನು ನಾನು ಕಂಡಿಲ್ಲ.

ನಾಗೇಶ ರಸ್ತೆಯ ಮೇಲೆಯೇ ಕೂತುಬಿಟ್ಟ. "ಅಮ್ಮಾ, ಯಾಕಮ್ಮ ನಂಗೆ ಹೇಳ್ಲಿಲ್ಲ?"

"ಹೇಳಿದ್ನಲ್ಲೋ, ಬೆಳಕು ಹಿಡಿ ಅಂತ. ನೀನು ಕೇಳಿಸ್ಕೊಂಡ್ಯಾ?"

ಅವರ ಕೈಯಿಂದ ನಟ್‌ಗಳನ್ನು ತೆಗೆದುಕೊಂಡೆ. ಆ ಚಳಿಯಲ್ಲಿ, ಮೂರೂ ಬೆಚ್ಚಗಿದ್ದವು. ಮುದುಕಿಯ ಸೆರಗಿನಲ್ಲಿ ಇದ್ದದ್ದಕ್ಕೆ ಬೆಚ್ಚಗಿದ್ದವು ಎಂದು ಅಂದುಕೊಂಡು ಹಾಕಿದೆ. ಲಾಕ್ ನಟ್ಟನ್ನು ಸಾಕೆಟ್ ಇಟ್ಟು ಮತ್ತೆ ಬಿಗಿದೆ. ನಾಲ್ಕೂ ಚಕ್ರಗಳನ್ನು ಎರಡೆರಡು ಸಲ ನೋಡಿದೆ. ಅವರ ಮನೆ ಬಾಗಿಲ ತನಕ ಕಾರಿನ ಹಿಂದೆಯೇ ಹೋಗಿ ಬಿಟ್ಟುಬಂದೆ.

ಭಾನುವಾರ ಹಗಲು ಹೊತ್ತಿನಲ್ಲಿ ಹೋಗಿ ಮಿಕ್ಕ ಮೂರು ಲಾಕ್ ನಟ್ ತೆಗೆದೆ. ಬಲಗಡೆ ಹಿಂದಿನದು ಕೈಯಲ್ಲೇ ಬಂದ ಹಾಗೆ ಬಂತು. ನಾಗೇಶ ಆ ರಾತ್ರಿಯ ಮಾತು ಎತ್ತಲಿಲ್ಲ. ಯಾರೋ ನಟ್ ಕಳ್ಳರು ಕೆರೆ ಕಡೆಯಿಂದ ಬಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ನಾನೂ ಹೂಂ ಅಂದೆ.

ಹೊರಡುವಾಗ ಜಗಲಿಯ ಮಂಚದಲ್ಲಿ ಮಲಗಿದ್ದ ಚಿಕ್ಕತಾಯಮ್ಮ ಕೈಸನ್ನೆ ಮಾಡಿ ಕರೆದರು. ಮಗ ಒಳಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು.

"ಚಂದ್ರ ಅಂದ್ರೆ ನೀನೇನಾ?"

"ಹೌದವ್ವ."

"ಅವತ್ತು ನಿನ್ನ ಮುಖ ಬಿಳಚ್ಕೊಂಡಿತ್ತು, ಅದಕ್ಕೆ ಹೇಳ್ಲಿಲ್ಲ. ಅವ್ರು ಇನ್ನೊಂದು ಮಾತು ಅಂದ್ರು ಕಣಪ್ಪ. ತಲೆ ಎತ್ಲಿಲ್ಲ, ಬಗ್ಗಿಸ್ಕೊಂಡೇ ಅಂದ್ರು."

"ಏನಂದ್ರು?"

"ಈ ಸಲ ಚಂದ್ರನ ಸರದಿ... ಈ ಕಡೆ ಬರಕ್ಕೆ ಹೇಳವ್ವ, ಅಂದ್ರು."

ನನ್ನ ಹೆಸರು ಅವರಿಗೆ ಮಗನಿಂದ ಗೊತ್ತಾಗಿರಬಹುದು. ಆದರೆ ಸರದಿಯ ವಿಷಯ ನಮ್ಮಿಬ್ಬರನ್ನು ಬಿಟ್ಟು ಜಗತ್ತಿನಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಹದಿನೈದು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಸುತ್ತಿಗೆ ಎತ್ತಿದರೆ ಕೈ ನಿಲ್ಲುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಲಕ್ಷ್ಮಮ್ಮ ಅತ್ತಿಗೆಯ ಮನೆಗೆ ಹೋದೆ. ಅವರು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಬಾ ಚಂದ್ರ. ಏನಪ್ಪಾ, ಹಿಂಗೆ ಇಳಿದೋಗಿದ್ಯಾ?"

ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಮೊದಲು ಹೆದ್ದಾರಿಯ ಸಂಜೆಯನ್ನು. ಸರದಿ ನನ್ನದಿತ್ತು, ಸೊಂಟ ಹಿಡಿದಿರಲಿಲ್ಲ, ಸುಳ್ಳು ಹೇಳಿ ಅಣ್ಣನನ್ನು ಆ ಕಡೆ ಕಳಿಸಿದೆ ಎಂಬುದನ್ನು. ಆಮೇಲೆ ಕೆರೆ ಏರಿ, ಸುತ್ತಿಗೆಯ ಸದ್ದು, ಪಾದಗಳು, ಸೆರಗಿನ ಗಂಟು, ಆ ಮಾತು. ಬೈಯುತ್ತಾರೆ, ಮಣ್ಣು ತೂರುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಲಿ ಎಂದೇ ಹೋಗಿದ್ದೆ.

ಅವರು ಕಾಯಿ ಬಿಡಿಸುತ್ತಲೇ ಇದ್ದರು. ಅವರೆಯ ಸೊಗಡು. ಕಾಳು ಮೊರಕ್ಕೆ ಬೀಳುವ ಸದ್ದು. ನನ್ನ ಮಾತು ಮುಗಿದ ಮೇಲೆ ಕೈ ನಿಲ್ಲಿಸಿದರು.

"ಅವ್ರು ಕರೆದಾಗ... ನೀನು ಆ ಕಡೆ ಹೋದ್ಯಾ?"

"ಇಲ್ಲ ಅತ್ತಿಗೆ. ಕರೆದಿದ್ದು ನಂಗೆ ಆಮೇಲೆ ಗೊತ್ತಾಗಿದ್ದು."

"ಸದ್ದು ಕೇಳಿಸ್ತಲ್ಲ. ಅವ್ರದೇ ಕೈ ಅಂತ ಗೊತ್ತಾಯ್ತಲ್ಲ."

"ಭಯ ಆಯ್ತು."

"ಒಂದು ಕಾರು ಸುತ್ತಿ ಬರೋಷ್ಟು ದೂರ," ಅಂದರು. ಸಿಟ್ಟಿನಿಂದ ಅಲ್ಲ. ಆ ದೂರವನ್ನು ಮನಸ್ಸಿನಲ್ಲೇ ಅಳೆಯುತ್ತಿದ್ದ ಹಾಗೆ. "ಅವತ್ತು ಆಸ್ಪತ್ರೇಲಿ ಮುಖ ನೋಡ್ಬೇಡ ಅತ್ತಿಗೆ ಅಂತ ನೀನೇ ಕೈ ಹಿಡ್ಕೊಂಡು ಈಚೆ ಕರ್ಕೊಂಡ್ ಬಂ‌ದೆ. ನಾನು ನೋಡ್ಲೇ ಇಲ್ಲ. ನೀನಾದ್ರೂ ಹೋಗಿ ಒಂದ್ಸಲ ನೋಡ್ಬಾರ್ದಿತ್ತಾ ಚಂದ್ರ... ಹೆಂಗವ್ರೆ ಅಂತ?"

ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ಬಾ ಎಂದೂ ಅನ್ನಲಿಲ್ಲ.

ಚಿಕ್ಕತಾಯಮ್ಮ ಯುಗಾದಿಗೆ ಮುಂಚೆ ತೀರಿಕೊಂಡರು. ಕೇಳುವುದಕ್ಕೆ ಇನ್ನು ಯಾರೂ ಇಲ್ಲ. ಮುನಿರಾಜಣ್ಣ ಎಂದಿನ ಹಾಗೆ ನನ್ನ ಜೊತೆ ಕೆಲಸಕ್ಕೆ ಕೂತನೋ, ನಾಲ್ಕೂ ಬಿಚ್ಚಿ ಎಂದ ನಾಗೇಶನ ಮಾತು ಕೇಳಿಸಿಕೊಂಡು ತನ್ನ ಪಾಲಿನದನ್ನು ಬಿಚ್ಚುತ್ತಿದ್ದನೋ... ಅಥವಾ ನನಗೆ ಇನ್ನೊಂದು ಸಾವಿನ ಭಾರ ಹೊರಿಸಲು ಬಂದಿದ್ದನೋ. ನಾನು ಹನ್ನೊಂದು ವರ್ಷ ಕಂಡ ಮುನಿರಾಜಣ್ಣ ಅಂಥವನಲ್ಲ. ಆದರೆ ಆ ಸಂಜೆಯ ನಂತರದ ಮುನಿರಾಜಣ್ಣನನ್ನು ನಾನು ಕಂಡಿಲ್ಲ. ಎರಡು ಪಾದಗಳನ್ನು ಬಿಟ್ಟು.

ಕೆಲಸ ಬಿಟ್ಟಿಲ್ಲ. ಕತ್ತಲಾದ ಮೇಲೆ ಕರೆ ಬಂದರೂ ಹೋಗುತ್ತೇನೆ. ಆ ಕೆರೆ ಏರಿಯಿಂದ ಕರೆ ಬಂದರೆ ಮಾತ್ರ ಏನು ಮಾಡುತ್ತೇನೋ ಗೊತ್ತಿಲ್ಲ. ಈಚೆಗೆ ಎರಡು ಸಲ ರಾತ್ರಿ ಆ ದಾರಿಯಲ್ಲಿ ಹೋಗಿ, ಬೈಕ್ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕಾದಿದ್ದೇನೆ. ಅತ್ತಿಗೆ ಕೇಳಿದ್ದಕ್ಕೆ. ಮೊದಲ ಸಲ ಏನೂ ಆಗಲಿಲ್ಲ.

ಎರಡನೆಯ ಸಲ ಇದ್ದಕ್ಕಿದ್ದಂತೆ ಕಪ್ಪೆಗಳು ಸುಮ್ಮನಾದವು. ನಾನು ಕಾಯದೆ ಬಂದುಬಿಟ್ಟೆ.